ಥ್ಯಾಂಕ್ಸ್‌ಗಿವಿಂಗ್ ಬೀನ್ಸ್ ಕ್ಯಾಸರೋಲ್: ತಳದಲ್ಲಿ ನೀರು, ಮೇಲೆ ಮೆತ್ತಗಾದ ಈರುಳ್ಳಿ

ಪ್ರಶ್ನೆ: ಗುರುವಾರ ಥ್ಯಾಂಕ್ಸ್‌ಗಿವಿಂಗ್ (ಅಮೆರಿಕದ ಹಬ್ಬ) ಊಟಕ್ಕೆ ಗ್ರೀನ್ ಬೀನ್ಸ್ ಕ್ಯಾಸರೋಲ್ (ಸಾಸಿನಲ್ಲಿ ಕಲಸಿ ಓವನ್ನಿನಲ್ಲಿ ಬೇಯಿಸುವ ಖಾದ್ಯ) ಒಯ್ಯಬೇಕು. ಪ್ರಯೋಗಕ್ಕೆ ಮಾಡಿದ್ದು ಕೆಟ್ಟಿತು. ಒಂದೂವರೆ ಪೌಂಡ್ ಫ್ರೋಜನ್ ಬೀನ್ಸ್ ನೇರ ಫ್ರೀಜರಿನಿಂದ, ಒಂದು ಡಬ್ಬಿ ಮಶ್ರೂಮ್ ಸೂಪ್, ಮುಕ್ಕಾಲು ಕಪ್ ಹಾಲು, ಮೇಲೆ ಹುರಿದ ಈರುಳ್ಳಿ. ಫಾಯಿಲ್ ಮುಚ್ಚಿ 350 ಡಿಗ್ರಿ ಫ್ಯಾರನ್‌ಹೀಟಿನಲ್ಲಿ 40 ನಿಮಿಷ. ತಳದಲ್ಲಿ ಅರ್ಧ ಇಂಚು ನೀರು ನಿಂತಿತ್ತು. ಪೂರ್ತಿ ಸಸ್ಯಾಹಾರಿ ಆಗಿರಬೇಕು.

ಉತ್ತರ 1: ಮೊದಲ ತಪ್ಪು ಬೀನ್ಸಿನದು. ಹೆಪ್ಪುಗಟ್ಟಿದ ತರಕಾರಿ ಬಿಸಿಯಾದಾಗ ಸಾಕಷ್ಟು ನೀರು ಬಿಡುತ್ತದೆ. ಪೂರ್ತಿ ಕರಗಿಸಿ, ಬಸಿದು, ಬಟ್ಟೆಯಲ್ಲಿ ಒತ್ತಿ ಹಾಕಿ. ತಾಜಾ ಬೀನ್ಸಾದರೆ ಉಪ್ಪುನೀರಿನಲ್ಲಿ 5 ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಹರಡಿ.

ಎರಡನೆಯದು, ಡಬ್ಬಿಯ ಮೇಲೆ ‘ಕಂಡೆನ್ಸ್ಡ್’ ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಅದು ನೀರು ಬೆರೆಸಿದ, ನೇರ ಕುಡಿಯುವ ಸೂಪು. 1955ರಲ್ಲಿ ಸೂಪ್ ತಯಾರಿಸುವ ಕ್ಯಾಂಪ್‌ಬೆಲ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ರೂಪಿಸಿದ ಅಡುಗೆ ಇದು. ಅಳತೆ: ಹತ್ತೂವರೆ ಔನ್ಸಿನ ಒಂದು ಡಬ್ಬಿಗೆ ಅರ್ಧ ಕಪ್ ಹಾಲು, ಒಂದು ಟೀ ಚಮಚ ಸೋಯಾ ಸಾಸ್, 4 ಕಪ್ ಬೆಂದ ಬೀನ್ಸ್. ಮುಕ್ಕಾಲು ಕಪ್ ಹಾಲು ಜಾಸ್ತಿಯಾಯಿತು.

ಫಾಯಿಲ್ ಬೇಡವೇ ಬೇಡ. ಅದರಡಿ ಕಟ್ಟಿದ ಹಬೆಯೇ ಈರುಳ್ಳಿಯ ಮೇಲೆ ಹನಿದಿದೆ. ಒಂದು ಕಪ್ಪಿನ ಮೂರನೇ ಎರಡರಷ್ಟು ಹುರಿದ ಈರುಳ್ಳಿ ಒಳಗೆ ಬೆರೆಸಿ, ಅಷ್ಟೇ ಇನ್ನೊಂದು ಪಾಲು ಕೊನೆಯ 5 ನಿಮಿಷಕ್ಕೆ ಮೇಲೆ ಉದುರಿಸಿ.

ಉತ್ತರ 2: ಡಬ್ಬಿ ಬಿಟ್ಟು ಸಾಸ್ ಮನೆಯಲ್ಲೇ ಮಾಡಿದರೆ ರುಚಿಯೇ ಬೇರೆ. 3 ದೊಡ್ಡ ಚಮಚ ಬೆಣ್ಣೆಯಲ್ಲಿ ಅರ್ಧ ಪೌಂಡ್ ಹೆಚ್ಚಿದ ಮಶ್ರೂಮ್ ಬಾಡಿಸಿ. ಅದು ಮೊದಲು ನೀರು ಬಿಟ್ಟು ಗುಳುಗುಳು ಕುದಿಯುತ್ತದೆ. ನೀರು ಆರಿ ಬಾಣಲೆ ಚುರುಗುಟ್ಟಲು ಶುರುವಾಗುವ ತನಕ ಕಾಯಿರಿ. ಇಲ್ಲಿ ಅವಸರ ಮಾಡಿದರೆ ಆ ನೀರೆಲ್ಲ ಓವನ್ನಿನಲ್ಲಿ ಹೊರಬರುತ್ತದೆ. ಆಮೇಲೆ 3 ದೊಡ್ಡ ಚಮಚ ಮೈದಾ ಹಾಕಿ, ಹಸಿವಾಸನೆ ಹೋಗುವಂತೆ 2 ನಿಮಿಷ ಹುರಿಯಿರಿ. ಒಂದು ಕಪ್ ತರಕಾರಿ ಸ್ಟಾಕ್ (ತರಕಾರಿ ಬೇಯಿಸಿ ಸೋಸಿದ ನೀರು), ಒಂದು ಕಪ್ ಹಾಫ್ ಆಂಡ್ ಹಾಫ್ (ಹಾಲು-ಕೆನೆ ಬೆರೆಸಿದ್ದು) ಸ್ವಲ್ಪಸ್ವಲ್ಪವೇ ಸುರಿದು ಕೈಯಾಡಿಸಿ. ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ. ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾದಾಗ ಇಳಿಸಿ. ಬೀನ್ಸ್ ಸೇರಿದ ಮೇಲೆ ಹೇಗೂ ತೆಳುವಾಗುತ್ತದೆ.

ಪ್ರಶ್ನೆ: ಹಿಂದಿನ ರಾತ್ರಿಯೇ ಮಾಡಿಡಬಹುದಾ? ವೂಸ್ಟರ್‌ಶೈರ್ ಸಾಸ್ ಹಾಕಬಹುದಾ? ಸಾಸಿವೆ-ಒಣಮೆಣಸಿನಕಾಯಿ ಒಗ್ಗರಣೆ?

ಉತ್ತರ 1: ಸಾಂಪ್ರದಾಯಿಕ ವೂಸ್ಟರ್‌ಶೈರಿನಲ್ಲಿ ಆಂಚೊವಿ ಮೀನಿದೆ, ಬೇಡ. ಸೋಯಾ ಸಾಸೇ ಸಾಕು. ಡಬ್ಬಿಯಲ್ಲಿ ಬರುವ ಹುರಿದ ಈರುಳ್ಳಿಯ ಪದಾರ್ಥ ಪಟ್ಟಿಯನ್ನೂ ಒಮ್ಮೆ ಓದಿಬಿಡಿ.

ರಾತ್ರಿ ಹುರಿದ ಈರುಳ್ಳಿ ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ಕಲಸಿ ಫ್ರಿಜ್ಜಿನಲ್ಲಿಡಿ. ಗಾಜಿನ ಪಾತ್ರೆಯಾದರೆ ತಣ್ಣಗಿರುವಾಗ ಕಾದ ಓವನ್ನಿಗೆ ಇಡಬೇಡಿ, ಸೀಳಬಹುದು. ಅರ್ಧ ಗಂಟೆ ಹೊರಗಿಡಿ. ಆಮೇಲೆ 350ರಲ್ಲಿ ಸುಮಾರು 35 ನಿಮಿಷ, ಅಂಚಿನಲ್ಲೂ ನಡುವೆಯೂ ಗುಳ್ಳೆ ಏಳಬೇಕು.

ಉತ್ತರ 2: ಒಗ್ಗರಣೆ ಕೊಟ್ಟರೆ ಅದು ಪಲ್ಯ ಆಗುತ್ತದೆ! ಖಾರ ಬೇಕಿದ್ದರೆ ಸಾಸಿಗೆ ಅರ್ಧ ಚಮಚ ಕುಟ್ಟಿದ ಮೆಣಸು. ಮೇಲಿನ ಈರುಳ್ಳಿಯನ್ನು ಬೇರೆ ಡಬ್ಬದಲ್ಲಿ ಒಯ್ಯಿರಿ. ಅಲ್ಲಿ ಓವನ್ ಟರ್ಕಿ ಕೋಳಿಗೇ ಮೀಸಲಾಗಿದ್ದರೆ, ಒಣ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ ಬಡಿಸುವಾಗ ಉದುರಿಸಿದರಾಯಿತು.