ಬೀದರ್ ಹಳೇ ಊರಲ್ಲಿ ಬಾಡಿಗೆ ಮನೆ ಹಿಡಿಯಬಹುದಾ?

ಹೊಸ_ಬೀದರಿಗ: ಕೆಲಸದ ಮೇಲೆ ಬೀದರಿಗೆ ವರ್ಗ ಆಗಿದೆ. ಚೌಬಾರಾ ಹತ್ತಿರದ ಓಣಿಯಲ್ಲಿ ಒಂದು ಮನೆ ನೋಡಿದೆ. ಬಾಡಿಗೆ ಕಡಿಮೆ, ಗೋಡೆ ದಪ್ಪ, ನಡುವೆ ಅಂಗಳ. ಆಫೀಸಲ್ಲಿ ಎಲ್ಲರೂ "ಬೇಡ, ಬರೀ ಗದ್ದಲ" ಅಂತಾರೆ. ಅಲ್ಲೇ ಇರುವವರು ಹೇಳಿ.

ತಾಲೀಮ್_ಓಣಿ: ನಾನು ಹುಟ್ಟಿ ಬೆಳೆದದ್ದು ಇಲ್ಲೇ ಸರ. ಊರು ಅರ್ಥ ಆಗಬೇಕಾದರೆ ಚೌಬಾರಾದಿಂದ ಶುರು ಮಾಡಿ. ಅದು ಗುಂಡಗಿನ ಕಾವಲು ಗೋಪುರ. ಹಳೇ ಊರಿನ ಎರಡು ದೊಡ್ಡ ರಸ್ತೆ ಕೂಡುವುದು ಅದರ ಬುಡದಲ್ಲಿ. ಕೋಟೆ ಕಡೆ ನಡೆದರೆ ದಾರಿಯಲ್ಲೇ ಮಹಮೂದ್ ಗವಾನ್ ಮದರಸಾ, 1472ರದ್ದು. ನೂರ್ ಖಾನ್, ಸಿದ್ದೀಖ್ ಶಾ, ಮನಿಯಾರ್, ಪನ್ಸಾಲ್ ಅಂತ ನಾಲ್ಕು ತಾಲೀಮು, ಅಂದರೆ ಗರಡಿ ಮನೆ. ವಿಳಾಸ ಕೇಳಿದರೆ ತಾಲೀಮಿನ ಹೆಸರೇ ಹೇಳ್ತಾರೆ. ಮನೆ ಹಿಡಿಯಿರಿ, ಆರಾಮಾಗಿ ಇರ್ತೀರಿ.

ರಿಂಗ್‌ರೋಡ್_ಸವಾರ: ಆರಾಮಾ? ಅಣ್ಣಾರೆ, ನಿಮ್ಮ ಓಣಿಗೆ ಕಾರು ಬರುತ್ತಾ ಮೊದಲು ಹೇಳಿ. ನನ್ನ ಅತ್ತೆ ಮನೆ ಅಲ್ಲೇ. ಮಾವನಿಗೆ ರಾತ್ರಿ ಎದೆ ನೋವು ಬಂತು. ಆಂಬುಲೆನ್ಸ್ ಓಣಿ ಬಾಯಲ್ಲೇ ನಿಂತಿತು. ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ, ನಾಲ್ಕು ಜನ ಹೊತ್ತು ತಂದೆವು. ತಿರುವಿನಲ್ಲಿ ಯಾರದೋ ಬೈಕು, ಅದನ್ನು ಎತ್ತಿ ಪಕ್ಕಕ್ಕಿಟ್ಟು ಮುಂದೆ ಹೋಗಬೇಕಾಯಿತು. ರಸ್ತೆ ಅಗಲ ಮಾಡದೆ ಹಳೇ ಊರು ಉದ್ಧಾರ ಆಗಲ್ಲ.

ಮಂಗಲಪೇಟೆ_ಅಕ್ಕ: ಮಾವನವರು ಈಗ ಹೇಗಿದ್ದಾರೆ ತಮ್ಮಾ? ನಿನ್ನ ಸಂಕಟ ಸುಳ್ಳಲ್ಲ. ಆದರೆ ಅಡ್ಡ ಬಂದದ್ದು ಬೈಕು ಅಲ್ವಾ, ಓಣಿ ಅಲ್ಲ. ಅಗಲ ಮಾಡಿದರೆ ಎರಡೇ ವರ್ಷದಲ್ಲಿ ಎರಡೂ ಕಡೆ ಕಾರು ನಿಲ್ಲುತ್ತವೆ. ಒಡೆಯುವುದು ಯಾರ ಮನೆ? ಮುಂದೆ ಅಂಗಡಿ, ಹಿಂದೆ ಸಂಸಾರ ಇರುವವರದ್ದು. ಅವರಿಗೆ ಅಂಗಡಿ ಹೋದರೆ ಹೊಟ್ಟೆಯೂ ಹೋಯಿತು.

ಬಿದರಿ_ಕಾರಖಾನೆ: ಅಕ್ಕಾರು ಸರಿ ಹೇಳಿದರು. ನಮ್ಮದು ಬಿದರಿ ಕೆಲಸ, ಸತುವಿನ ಪಾತ್ರೆಗೆ ಬೆಳ್ಳಿ ಕೂರಿಸುವುದು. ನಮ್ಮ ಮನೆಯಲ್ಲಿ ಅಚ್ಚು ಹಾಕುವವರು ಬೇರೆ, ಚಾಣದಿಂದ ಕೆತ್ತುವವರು ಬೇರೆ, ಬೆಳ್ಳಿ ತಂತಿ ಕೂರಿಸುವವರು ಬೇರೆ. ಎಲ್ಲರೂ ಕೂಗಿದರೆ ಕೇಳಿಸುವಷ್ಟು ಹತ್ತಿರ ಇರಬೇಕು. ಕೊನೆಗೆ ಕೋಟೆ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿದ ಹೂಜಿಗೆ ತಿಕ್ಕುತ್ತೇವೆ. ಸತುವು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಮಿಂಚುತ್ತದೆ. 2006ರಲ್ಲಿ ಬಿದರಿಗೆ ಜಿಐ, ಅಂದರೆ ಊರಿನ ಹೆಸರಿನ ಕಾನೂನು ಗುರುತು ಬಂತು, 2023ರಲ್ಲಿ ನಮ್ಮ ಕಸುಬಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ನಮ್ಮನ್ನು ಊರ ಹೊರಗಿನ ಲೇಔಟಿಗೆ ಹಾಕಿದರೆ ಈ ಕೆಲಸ ನಡೆಯುತ್ತಾ?

ರಿಂಗ್‌ರೋಡ್_ಸವಾರ: ಮಾವ ಗಟ್ಟಿಯಾಗಿದ್ದಾರೆ ಅಕ್ಕಾರೆ. ಆದರೆ ಕಸುಬಿನ ಹೆಸರಲ್ಲಿ ಚರಂಡಿ ತುಂಬಿ ಹರಿಯುವುದನ್ನು ಸಹಿಸಬೇಕಾ? ಸುಮ್ನೆ ಪದ್ಮಶ್ರೀ ತೋರಿಸಬೇಡಿ.

ಸುಣ್ಣ_ಗಾರೆ: ಇಬ್ಬರೂ ಒಂದು ಮಾತು ಬಿಟ್ಟಿರಿ. ಪ್ರಾಚೀನ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ, ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್ ಕಟ್ಟಲು ಕೇಳಿ ಅನುಮತಿ ಪಡೆಯಬೇಕು. ಮದರಸಾ ಸುತ್ತ ವೃತ್ತ ಎಳೆದು ನೋಡಿ, ಎಷ್ಟು ಮನೆ ಸಿಗುತ್ತವೆ ಅಂತ. ಸೋರುವ ಮಾಳಿಗೆಗೆ ಕಾಗದ ಹಿಡಿದು ಅಲೆಯುವುದಕ್ಕಿಂತ ಮನೆ ಬೀಗ ಹಾಕಿ ಹೋಗುವುದೇ ಸುಲಭ ಅನ್ನಿಸುತ್ತದೆ. ನಿಯಮ ಬೇಡ ಅನ್ನುತ್ತಿಲ್ಲ. ಮದ್ದು ಸಿಡಿದು ಮದರಸಾದ ಒಂದು ಮಿನಾರು ಹೋಗಿದೆ, ಉಳಿದ ಒಂದನ್ನಾದರೂ ಕಾಯಬೇಕು. ಆದರೆ ರಿಪೇರಿ ಕಾಗದ ಬೇಗ ಸಿಗಲಿ. ನನ್ನ ಕೇಳಿದರೆ ಜಗಳ ಆಡಬೇಕಾದ್ದು ಅದಕ್ಕೆ, ರಸ್ತೆ ಅಗಲಕ್ಕಲ್ಲ.

ತಾಲೀಮ್_ಓಣಿ: ಇದು ಮಾತು! ನಮ್ಮ ಮಾಳಿಗೆ ಮಳೆಗಾಲಕ್ಕೆ ಪ್ಲಾಸ್ಟಿಕ್ ತಾಡಪತ್ರಿ ಹೊದ್ದುಕೊಂಡೇ ಇರುತ್ತದೆ.

ರಿಂಗ್‌ರೋಡ್_ಸವಾರ: ಸರಿ, ಒಡೆಯುವುದು ಬೇಡ. ಓಣಿ ಬಾಯಲ್ಲಿ ಬೈಕು ನಿಲ್ಲಿಸುವುದನ್ನಾದರೂ ಬಂದ್ ಮಾಡಿ. ಅದಕ್ಕೆ ದಿಲ್ಲಿಯ ಕಾಗದ ಬೇಕಿಲ್ಲ.

ಮಂಗಲಪೇಟೆ_ಅಕ್ಕ: ಅದು ಒಪ್ಪಿದೆ. ಮೊದಲು ನಮ್ಮ ಮಗನ ಬೈಕೇ ತೆಗೆಸ್ತೀನಿ.

ಹೊಸ_ಬೀದರಿಗ: ಎಲ್ಲರಿಗೂ ಥ್ಯಾಂಕ್ಸ್. ನನ್ನ ಹತ್ತಿರ ಕಾರಿಲ್ಲ, ಸ್ಕೂಟರ್ ಮಾತ್ರ. ಅಂಗಳದಲ್ಲಿ ನಿಲ್ಲುತ್ತದೆ. ಮಾಳಿಗೆ ಸೋರುತ್ತಾ ಅಂತ ಮಾತ್ರ ಕೇಳಿರಲಿಲ್ಲ.

ಸುಣ್ಣ_ಗಾರೆ: ಅಡ್ವಾನ್ಸ್ ಕೊಡುವ ಮೊದಲು ಕೇಳಿ ಸರ. ಒಳಗೆ ಹೋಗಿ ಜಂತಿಯ ತುದಿ ನೋಡಿ, ಗೋಡೆಗೆ ಕೂಡುವ ಕಡೆ ಕಪ್ಪಗಿದ್ದರೆ ನೀರು ಇಳಿದಿದೆ ಅಂತ.