ಅಪ್‌ಡೇಟ್: ಉತ್ತರ 14 ಅಲ್ಲ, 13 ಯಾಕೆ ಅಂತ ಗೊತ್ತಾಯ್ತು

ಹೋದ ವಾರ ಕೇಳಿದ್ದೆ: 30 ಫ್ಯಾಕ್ಟೋರಿಯಲ್ ಅನ್ನು (ಅಂದರೆ 1ರಿಂದ 30ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧವನ್ನು) 12ರ ಎಷ್ಟನೇ ಘಾತದವರೆಗೆ ಶೇಷ ಉಳಿಯದಂತೆ ಭಾಗಿಸಬಹುದು? ಜಿಆರ್‌ಇ (ಸ್ನಾತಕೋತ್ತರ ಓದಿಗೆ ಬರೆಯುವ ಪ್ರವೇಶ ಪರೀಕ್ಷೆ) ಅಭ್ಯಾಸಕ್ಕೆ ಮಾಡಿದ ಲೆಕ್ಕ. ನನಗೆ 14 ಬಂದಿತ್ತು, ಸರಿಯುತ್ತರ 13.

ತಪ್ಪು ಸಿಕ್ಕಿತು. 12 ಅಂದರೆ 2 × 2 × 3. ಆ ಗುಣಲಬ್ಧದಲ್ಲಿ 3 ಎಷ್ಟು ಸಲ ಬರುತ್ತೆ ಅಂತ ಮಾತ್ರ ನಾನು ಎಣಿಸಿದ್ದೆ. 2 ಹೇಗೂ ಜಾಸ್ತಿ ಇರುತ್ತೆ ಅಂತ ಸುಮ್ನೆ ಬಿಟ್ಟಿದ್ದೆ. ಆದರೆ ಒಂದೊಂದು 12ಕ್ಕೂ ಎರಡೆರಡು 2 ಬೇಕು, ಅಲ್ವಾ?

ನಿನ್ನೆ ಸಂಜೆ ತೀರ್ಥಹಳ್ಳಿಯ ಮನೆಯಲ್ಲಿ ಮಳೆಗೆ ಕರೆಂಟ್ ಹೋಗಿತ್ತು. ಅಪ್ಪನ ಅಡಿಕೆ ಮಂಡಿ ಚೀಟಿಯ ಹಿಂದೆ ಮೊದಲಿಂದ ಬರೆದೆ. 30ನ್ನು 2ರಿಂದ ಭಾಗಿಸುತ್ತಾ, ಶೇಷ ಬಿಡುತ್ತಾ ಹೋದರೆ 15, 7, 3, 1. ಒಟ್ಟು 26, ಅಂದರೆ 13 ಜೋಡಿ. 3ರಿಂದ 10, 3, 1. ಒಟ್ಟು 14. 2ರ ಜೋಡಿಗಳೇ ಮೊದಲು ಖಾಲಿ!

ಮತ್ತೆ ಮತ್ತೆ ಯಾಕೆ ಭಾಗಿಸಬೇಕು ಅನ್ನೋದಕ್ಕೆ ‘9ರಲ್ಲಿ ಎರಡು 3 ಇವೆ, 27ರಲ್ಲಿ ಮೂರು’ ಎಂದು ನಿಮ್ಮಲ್ಲೊಬ್ಬರು ಹೇಳಿದಿರಿ. ಆ ಒಂದು ಮಾತಿಗೆ ತುಂಬಾ ಥ್ಯಾಂಕ್ಸ್.

ಆಮೇಲೆ 12ರ ಬದಲು 18 ಇಟ್ಟು ನೋಡಿದೆ. ಅಲ್ಲಿ ಜೋಡಿ ಬೇಕಾದದ್ದು 3ಕ್ಕೆ. ಉತ್ತರ 7. ಈ ಸಲ ಒಂದೇ ಏಟಿಗೆ ಬಂತು.