ಜಿಡಿಬಿ ವಾಚ್‌ಪಾಯಿಂಟ್ ಸಂಬಂಧನೇ ಇಲ್ಲದ ಕಡೆ ನಿಲ್ತಿದೆ, ಫಾಲ್ಸ್ ಟ್ರಿಗರ್ ತಪ್ಪಿಸೋದು ಹೇಗೆ?

ಬಿಟ್_ಹುಡುಗ:
ಎಲ್ರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಬಗ್ ಹಿಂದೆ ಬಿದ್ದಿದೀನಿ. ಸಿ ಪ್ರೋಗ್ರಾಂ, ಉಬುಂಟು, ಎಕ್ಸ್86-64 ಲ್ಯಾಪ್‌ಟಾಪ್. ಸೆಷನ್ ಅಂತ ಒಂದು ಸ್ಟ್ರಕ್ಟ್‌ಗೆ ಮಾಲಕ್ ಮಾಡಿ (ಮೆಮೊರಿ ತಗೊಂಡು) ಲಿಸ್ಟ್‌ಗೆ ಸೇರಿಸ್ತೀನಿ, ಅದ್ರ ಮೊದಲನೇ ಫೀಲ್ಡೇ ಸ್ಟೇಟ್, ಇಂಟ್, 0ಯಿಂದ 4ರೊಳಗೆ ಇರ್ಬೇಕು ಆದ್ರೆ ಯಾವಾಗ್ಲೋ ಅದ್ರಲ್ಲಿ ಕಸ ಬಂದು ಕೂತಿರುತ್ತೆ. ಯಾರು ಬರೀತಿದಾರೆ ನೋಡೋಣ ಅಂತ ಜಿಡಿಬಿ ಡಿಬಗ್ಗರ್‌ನಲ್ಲಿ ವಾಚ್ -ಲೊಕೇಶನ್ (ಒಂದು ಅಡ್ರೆಸ್‌ನಲ್ಲಿರೋ ಬೆಲೆ ಬದಲಾದ್ರೆ ಪ್ರೋಗ್ರಾಂ ನಿಲ್ಲಿಸೋ ವಾಚ್‌ಪಾಯಿಂಟ್) ಹಾಕಿದೆ. ಮೊದಲೆರಡು ಸಲ ಸರಿಯಾದ ಜಾಗದಲ್ಲೇ ನಿಲ್ತು, ಆಮೇಲೆ ಲಿಬ್‌ಸಿ ಒಳಗೆ ಫ್ರೀ (ಮೆಮೊರಿ ವಾಪಸ್ ಕೊಡೋ ಫಂಕ್ಷನ್) ಹತ್ರ ಒಂದ್ಸಲ ನಿಲ್ತು (ಲೈಬ್ರರಿ ತಾನೆ ಅಂತ ಕಂಟಿನ್ಯೂ ಕೊಟ್ಟೆ), ಅದಾದ್ಮೇಲೆ ಪಾರ್ಸರ್‌ನಲ್ಲಿ ಮೆಮ್‌ಕಾಪಿ ಒಳಗೆ ನಿಂತು ನ್ಯೂ ವ್ಯಾಲ್ಯೂ 1819043176 ಅಂತ ತೋರಿಸ್ತು. ಪಾರ್ಸರ್‌ಗೂ ಸೆಷನ್‌ಗೂ ಏನೂ ಸಂಬಂಧ ಇಲ್ಲ. 5ಕ್ಕಿಂತ ಕಮ್ಮಿ ಇದ್ರೆ ಮಾತ್ರ ನಿಲ್ಲು ಅಂತ ಕಂಡೀಶನ್ ಹಾಕಿಬಿಡ್ಲಾ?

ಹಳೇ_ಸಿ_ಕೋಡರ್:
ದಯವಿಟ್ಟು ಆ ಕಂಡೀಶನ್ ಹಾಕ್ಬೇಡಿ, ಹುಡುಕ್ತಿರೋ ಕಳ್ಳನಿಗೆ ನೀವೇ ಬಾಗಿಲು ತೆಗೆದುಕೊಟ್ಟ ಹಾಗಾಗುತ್ತೆ. ಆ ನಂಬರನ್ನ ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ ನೋಡಿ, 6ಸಿ 6ಸಿ 65 68 ಬರುತ್ತೆ. ಲಿಟಲ್ ಎಂಡಿಯನ್ (ನಂಬರ್‌ನ ಕೊನೇ ಬೈಟ್ ಮೆಮೊರಿಯಲ್ಲಿ ಮೊದಲು ಇರುತ್ತೆ) ಅಲ್ವಾ, ಹಿಂದಿನಿಂದ ಓದಿ: 68, 65, 6ಸಿ, 6ಸಿ. ಆಸ್ಕಿಯಲ್ಲಿ ಅದು ಹೆಚ್, ಇ, ಎಲ್, ಎಲ್. ನಿಮ್ಮ ಟೆಸ್ಟ್ ಇನ್‌ಪುಟ್‌ನಲ್ಲಿ ಹಲೋ ಅಂತ ಶುರುವಾಗೋ ಸಾಲು ಇದ್ಯಾ? ಇದ್ರೆ ಆ ಸ್ಟ್ರಿಂಗೇ ಬಂದು ನಿಮ್ಮ ಸೆಷನ್ ಇದ್ದ ಜಾಗದಲ್ಲಿ ಕೂತಿದೆ.

ಸಿಪಿಯುಗೆ ವೇರಿಯಬಲ್ ಅಂದ್ರೆ ಏನೂಂತ ಗೊತ್ತಿಲ್ಲ. ವಾಚ್‌ಗೆ ಅಂತ ಅದ್ರಲ್ಲಿರೋದು ಡಿಆರ್0ಯಿಂದ ಡಿಆರ್3ರವರೆಗೆ ನಾಲ್ಕೇ ಡಿಬಗ್ ರಿಜಿಸ್ಟರ್, ಒಂದೊಂದ್ರಲ್ಲೂ ಒಂದು ಅಡ್ರೆಸ್, ಅಲ್ಲಿ ಯಾರು ಬರೆದ್ರೂ ಟ್ರ್ಯಾಪ್ (ನಿಲ್ಲಿಸಿ ಡಿಬಗ್ಗರ್‌ಗೆ ಹೇಳೋದು) ಅಷ್ಟೆ. ಸೆಷನ್ ಫ್ರೀ ಆದ್ಮೇಲೂ ನಿಮ್ಮ ವಾಚ್ ಅದೇ ಅಡ್ರೆಸ್ ಕಾಯ್ತಾ ಕೂತಿರುತ್ತೆ. ಗ್ಲಿಬ್‌ಸಿ (ಉಬುಂಟುನ ಲಿಬ್‌ಸಿ) 2.26ರಿಂದ ಟಿಕ್ಯಾಶ್ ಅಂತ ಫ್ರೀ ಆದ ತುಂಡುಗಳ ಪಟ್ಟಿ ಇದೆ, ಕೊನೇಲಿ ಫ್ರೀ ಮಾಡಿದ ತುಂಡನ್ನ ಅದೇ ಅಳತೆಯ ಮುಂದಿನ ಮಾಲಕ್‌ಗೆ ಮೊದಲು ಕೊಟ್ಟುಬಿಡುತ್ತೆ. ಫ್ರೀ ಒಳಗೆ ನಿಂತಿದ್ದೂ ಅದಕ್ಕೇ, ಟಿಕ್ಯಾಶ್ ತನ್ನ ನೆಕ್ಸ್ಟ್ ಪಾಯಿಂಟರನ್ನ ತುಂಡಿನ ಶುರುವಿನಲ್ಲೇ ಬರೆಯುತ್ತೆ, ನಿಮ್ಮ ಸ್ಟೇಟ್ ಇರೋದೂ ಅಲ್ಲೇ. ಕಂಟಿನ್ಯೂ ಕೊಟ್ಟು ದಾಟಿಬಿಟ್ರಲ್ಲ, ಅಲ್ಲೇ ಒಂದು ಬಿಟಿ (ಬ್ಯಾಕ್‌ಟ್ರೇಸ್, ಯಾರು ಯಾರನ್ನ ಕರೆದ್ರು ಅನ್ನೋ ಪಟ್ಟಿ) ಹೊಡೆದು ಫ್ರೀ ಮಾಡಿಸಿದ್ದು ಯಾರು ನೋಡಿ.

ಲಾಗ್_ನೋಡಪ್ಪ:
ಹಾರ್ಡ್‌ವೇರ್ ವಾಚ್ ಆಫ್ ಮಾಡಿ, ಕ್ಯಾನ್-ಯೂಸ್-ಹೆಚ್‌ಡಬ್ಲ್ಯೂ-ವಾಚ್‌ಪಾಯಿಂಟ್ಸ್ 0 ಮಾಡಿದ್ರೆ ಸಾಫ್ಟ್‌ವೇರ್‌ದು ಕೆಲಸ ಮಾಡುತ್ತೆ.

ಹಳೇ_ಸಿ_ಕೋಡರ್:
ಅದೂ ಅದೇ ಅಡ್ರೆಸ್ಸನ್ನೇ ನೋಡೋದು, ಒಂದೊಂದೇ ಇನ್‌ಸ್ಟ್ರಕ್ಷನ್ ಸ್ಟೆಪ್ ಮಾಡ್ಕೊಂಡು, ನೂರಾರು ಪಟ್ಟು ನಿಧಾನವಾಗಿ. ಥ್ರೆಡ್ ಇದ್ರೆ ಬೇರೆ ಥ್ರೆಡ್ ಬರೆದಿದ್ದು ತಪ್ಪಿಹೋಗಬಹುದು. ಇಲ್ಲಿ ಉಪಯೋಗ ಇಲ್ಲ.

ಬೋರ್ಡ್_ಮೇಷ್ಟ್ರು:
ಕೋಡರ್ ಹೇಳಿದ್ದು ಸರಿ, ಆದ್ರೆ ನಿಜವಾದ ಫಾಲ್ಸ್ ಟ್ರಿಗರ್‌ಗಳೂ ಇವೆ. ಎಕ್ಸ್86ನಲ್ಲಿ ಬರೀ ಓದೋದನ್ನ ಮಾತ್ರ ಹಿಡಿಯೋ ವಾಚ್ ಇಲ್ಲ, ಆರ್‌ವಾಚ್ ಹಾಕಿದ್ರೆ ಜಿಡಿಬಿ ಒಳಗಡೆ ಓದು-ಬರಹ ಎರಡನ್ನೂ ಹಿಡಿದು, ಬೆಲೆ ಬದಲಾಗಿದ್ರೆ ಅದು ಬರಹ ಅಂತ ಬಿಟ್ಟುಬಿಡುತ್ತೆ, ಹಾಗಾಗಿ ಇದ್ದ ಬೆಲೆಯನ್ನೇ ಯಾರಾದ್ರೂ ಮತ್ತೆ ಬರೆದ್ರೆ ಓದಿದ್ರು ಅಂತ ತಪ್ಪಾಗಿ ಹೇಳುತ್ತೆ. ನಾನು ದಿನಾ ಒದ್ದಾಡೋದು ಕಾರ್ಟೆಕ್ಸ್-ಎಂ4 ಮೈಕ್ರೋಕಂಟ್ರೋಲರ್ ಜೊತೆ, ಅಲ್ಲಿ ಅಡ್ರೆಸ್ ಕಾಯೋ ಡಿಡಬ್ಲ್ಯೂಟಿ ಕಂಪೇರೇಟರ್‌ಗೆ ಅಳತೆ 2ರ ಘಾತದಲ್ಲೇ ಇರ್ಬೇಕು. 12 ಬೈಟ್ ಸ್ಟ್ರಕ್ಟ್ ಒಂದೇ ಕಂಪೇರೇಟರ್‌ನಲ್ಲಿ ಕಾಯೋಕೆ 16 ಬೈಟ್ ಹಾಕ್ಬೇಕಾಗುತ್ತೆ, ಪಕ್ಕದ 4 ಬೈಟ್‌ನಲ್ಲಿ ಟೈಮರ್ ಕೌಂಟರ್ ಇದ್ರೆ ಮುಗೀತು, ಕ್ಷಣಕ್ಕೊಂದ್ಸಲ ನಿಲ್ಲುತ್ತೆ. ಅಂಥ ಕಡೆ ನಾನು ಸ್ಟ್ರಕ್ಟನ್ನ 16ಕ್ಕೆ ಅಲೈನ್ ಮಾಡಿ ಕೊನೇಲಿ 4 ಬೈಟ್ ಪ್ಯಾಡಿಂಗ್ ಹಾಕ್ತೀನಿ.

ಇನ್ನೊಂದು ಮಾತು, ಎಕ್ಸ್86ನಲ್ಲಿ ಬರೆದು ಆದ್ಮೇಲೆ ಟ್ರ್ಯಾಪ್ ಆಗೋದು, ಜಿಡಿಬಿ ತೋರಿಸೋ ಬಾಣ ಮುಂದಿನ ಇನ್‌ಸ್ಟ್ರಕ್ಷನ್ ಮೇಲಿರುತ್ತೆ. ಬರೆದವರು ಅದಕ್ಕಿಂತ ಹಿಂದಿನವರು.

ಬಿಟ್_ಹುಡುಗ:
ಕೋಡರ್ ಸರ್, ಸಿಕ್ತು!! ಟೆಸ್ಟ್ ಫೈಲ್‌ನ ಮೊದಲನೇ ಸಾಲೇ ಹಲೋ. ಫ್ರೀ ಹತ್ರ ಬಿಟಿ ಹೊಡೆದ್ರೆ ಟೈಮ್‌ಔಟ್ ಹ್ಯಾಂಡ್ಲರ್ ಬಂತು, ಅದು ಸೆಷನ್ ಫ್ರೀ ಮಾಡುತ್ತೆ ಆದ್ರೆ ಲಿಸ್ಟ್‌ನಿಂದ ತೆಗೆಯೋದೇ ಇಲ್ಲ, ನಾನೇ ಬರೆದಿದ್ದು. ಅಡ್ರೆಸ್ ಸ್ಯಾನಿಟೈಜರ್ (ಮೆಮೊರಿ ತಪ್ಪು ಹಿಡಿಯೋ ಕಂಪೈಲರ್ ಆಯ್ಕೆ) ಹಾಕಿ ಕಂಪೈಲ್ ಮಾಡಿದ್ರೂ ಅದೇ ಜಾಗ ತೋರಿಸ್ತು. ಒಂದೇ ಡೌಟು, ನ್ಯಾಯವಾಗೇ ಕ್ಲೋಸ್ ಆಗೋ ಸೆಷನ್‌ಗೂ ವಾಚ್ ಉಳಿದು ನಿಲ್ತಾ ಇರುತ್ತಲ್ಲ, ಅದಕ್ಕೇನು ಮಾಡ್ಲಿ?

ಹಳೇ_ಸಿ_ಕೋಡರ್:
ನಿಮ್ಮ ಕ್ಲೋಸ್ ಫಂಕ್ಷನ್‌ಗೆ ಒಂದು ಬ್ರೇಕ್‌ಪಾಯಿಂಟ್, ಇದೇ ಸೆಷನ್ ಆಗಿದ್ರೆ ಮಾತ್ರ ಅಂತ ಕಂಡೀಶನ್ ಕೊಟ್ಟು. ಅದ್ರ ಕಮಾಂಡ್ಸ್‌ನಲ್ಲಿ ಸೈಲೆಂಟ್, ಆಮೇಲೆ ವಾಚ್ ನಂಬರ್ ಹಾಕಿ ಡಿಸೇಬಲ್, ಆಮೇಲೆ ಕಂಟಿನ್ಯೂ.